ಇಲ್ಲಿ ಸೆಂಟರ್, ಬೆಂಗಳೂರಲ್ಲಿ ಗಾರ್ಡ್: ನಮ್ಮ ಒಂಬತ್ತನೇ ನಂಬರ್ ಹುಡುಗಿ ಎಲ್ಲೀವರೆಗೆ ಹೋಗಬಹುದು?

ತುಂಗಾನಾಲೆ

ಮೊದಲೇ ಹೇಳ್ತೀನಿ, ಹುಡುಗಿ ಹೆಸರು, ಕಾಲೇಜಿನ ಹೆಸರು ಯಾರೂ ಹಾಕ್ಬೇಡಿ. ಶಿವಮೊಗ್ಗದಲ್ಲಿ ಬ್ಯಾಸ್ಕೆಟ್‌ಬಾಲ್ ನೋಡೋರು ಇರೋದೇ ಬೆರಳೆಣಿಕೆ, ಅವರಿಗೆ ಯಾರು ಅಂತ ಗೊತ್ತಾಗೇ ಆಗುತ್ತೆ. ಉಳಿದೋರಿಗೆ ಒಂಬತ್ತನೇ ನಂಬರ್ ಅಂದ್ರೆ ಸಾಕು. ಬಿಕಾಂ ಎರಡನೇ ವರ್ಷ, ಹೊಸನಗರ ಕಡೆಯವಳು, ಐದಡಿ ಏಳಿಂಚು.

ಹೋದ ವರ್ಷ ಇವಳು ಸೆಂಟರ್, ಆಟ ಅಂದ್ರೆ ಇಷ್ಟೇ: ರಿಂಗ್ ಕೆಳಗೆ ಬೆನ್ನು ಮಾಡಿ ನಿಲ್ಲೋದು, ಬಾಲ್ ಬಂದ್ರೆ ತಿರುಗಿ ಎತ್ತಿ ಹಾಕೋದು. ಎದುರಿನವರಿಗೆ ಎತ್ತರ ಇಲ್ಲ, ಇವಳಿಗಿದೆ, ಪಾಯಿಂಟ್ ಬರ್ತಿತ್ತು. ಎಲ್ರೂ ಭಾರೀ ಪ್ಲೇಯರ್ ಅಂದ್ರು. ನನಗೇನೂ ಅನ್ನಿಸಿರಲಿಲ್ಲ.

ಈ ವರ್ಷ ಪಾಯಿಂಟ್ ಕಮ್ಮಿನೇ ಇರಬಹುದು, ಆದ್ರೆ ಆಟವೇ ಬೇರೆ. ಮೊನ್ನೆ ಮ್ಯಾಚಲ್ಲಿ ಎದುರಿನವರು ಫುಲ್ ಕೋರ್ಟ್ ಪ್ರೆಸ್ ಹಾಕಿದ್ರು, ಅಂದ್ರೆ ಅಂಗಳದ ತುದಿಯಿಂದಲೇ ಮೈಮೇಲೆ ಬಿದ್ದು ಅಡ್ಡಗಟ್ಟಿದ್ರು. ನಮ್ಮ ಗಾರ್ಡ್, ಅಂದ್ರೆ ಬಾಲ್ ಮುಂದಕ್ಕೆ ತರೋ ಹುಡುಗಿ, ಮೇಲಿಂದ ಮೇಲೆ ಬಾಲ್ ಕಳ್ಕೊಂಡ್ಳು. ಆಮೇಲೆ ಒಂಬತ್ತನೇ ನಂಬರ್ ತಾನೇ ಹಿಂದಕ್ಕೆ ಬಂದು ಬಾಲ್ ಇಸ್ಕೊಂಡು, ಎಡಗೈಯಲ್ಲಿ ಡ್ರಿಬಲ್ ಮಾಡ್ತಾ, ಬಲಭುಜ ಅಡ್ಡ ಕೊಟ್ಟು ನಡುಗೆರೆ ದಾಟಿಸಿದಳು. ತಲೆ ಮೇಲೆತ್ತಿಕೊಂಡೇ ಇದ್ದಳು, ಬಾಲ್ ಕಡೆ ಕಣ್ಣು ಹೋಗ್ಲೇ ಇಲ್ಲ. ದಾಟಿದ ಮೇಲೂ ಅವಸರ ಇಲ್ಲ, ಬೇಸ್‌ಲೈನಲ್ಲಿ ಓಡ್ತಿದ್ದ ಚಿಕ್ಕ ಹುಡುಗಿಗೆ ಬೌನ್ಸ್ ಪಾಸ್ ಕೊಟ್ಟಳು. ಅವಳು ಓಡ್ತಾ ರಿಂಗ್ ಹತ್ರ ಎತ್ತಿ ಹಾಕಿದ ಲೇ-ಅಪ್ ಮಿಸ್ ಆಯ್ತು, ಅದು ಬೇರೆ ಮಾತು.

ಇದು ನನ್ನ ಕಣ್ಣಿಗೆ ಮಾತ್ರ ಕಂಡಿದ್ದೋ, ನಿಮಗೂ ಹಾಗೇ ಅನ್ನಿಸ್ತಾ? ಮುಂದೆ ಇವಳ ದಾರಿ ಯಾವುದು?

ಗೋಪಿ ಸರ್ಕಲ್ ಗುರು

ಇಂಡಿಯಾ ಟೀಂ ಪಕ್ಕಾ ಬಿಡಿ. ನಾನು ಈಗಲೇ ಆಟೋಗ್ರಾಫ್ ತಗೊಂಡು ಇಟ್ಕೋತೀನಿ.

ಭದ್ರಾವತಿ ಹಳಬ

ಗುರು, ನಿಮ್ಮಂಥವರ ಬಾಯಿಂದಲೇ ಹುಡುಗರು ಹಾಳಾಗೋದು. ಜಿಲ್ಲೆಯಲ್ಲಿ ಎರಡು ಮ್ಯಾಚ್ ಗೆದ್ರೆ ಇಂಡಿಯಾ, ಸೋತ್ರೆ ಯಾರೂ ತಿರುಗಿ ನೋಡಲ್ಲ.

ಆ ಮ್ಯಾಚು ನಾನೂ ನೋಡಿದೆ. ತುಂಗಾನಾಲೆ ಹೇಳಿದ ಎಡಗೈ ಡ್ರಿಬಲ್ ನಿಜ. ಆದ್ರೆ ನನಗೆ ಹಿಡಿಸಿದ್ದು ಅದಲ್ಲ, ಕಾಲು. ಹೋದ ವರ್ಷ ಡಿಫೆನ್ಸಲ್ಲಿ ನೆಟ್ಟಗೆ ನಿಂತು ಕೈ ಚಾಚ್ತಿದ್ದಳು. ಹಾಗೆ ಕೈ ಚಾಚಿದ್ರೆ ಆಗೋದು ಫೌಲ್. ಮೂರನೇ ಕ್ವಾರ್ಟರ್‌ಗೆ ನಾಲ್ಕು ಫೌಲಾಗಿ ಬೆಂಚಲ್ಲಿ ಕೂತಿರೋಳು. ಐದಾದ್ರೆ ಹೊರಗೆ, ಗೊತ್ತಲ್ಲ. ಈಗ ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಪಕ್ಕಕ್ಕೆ ಜಾರ್ತಾ ಬಾಲ್ ಇರೋಳ ಎದೆಗೆ ಎದೆ ಕೊಟ್ಟು ನಿಲ್ತಾಳೆ. ಮೊನ್ನೆ ಕೊನೆವರೆಗೂ ಅಂಗಳದಲ್ಲೇ ಇದ್ದಳು ನೋಡಿ. ಇದು ಸ್ಕೋರ್‌ಶೀಟಲ್ಲಿ ಕಾಣಲ್ಲ.

ನಾವು ಶುರು ಮಾಡಿದಾಗ ದೂರದಿಂದ ಹಾಕಿದ್ರೆ ಮೂರು ಪಾಯಿಂಟ್ ಕೊಡೋ ತ್ರೀ ಪಾಯಿಂಟ್ ಗೆರೆನೇ ಇರಲಿಲ್ಲ, ಅದು ಬಂದಿದ್ದು 1984ರಲ್ಲಿ. ಜೆರ್ಸಿ ನಂಬರೂ ನಾಲ್ಕರಿಂದ ಹದಿನೈದು ಮಾತ್ರ. ಈಗಿನವರು ಸೊನ್ನೆ ನಂಬರ್ ಹಾಕ್ಕೊಂಡು ಓಡಾಡ್ತಾರೆ, ನೋಡೋಕೆ ಆಗಲ್ಲ ನನಗೆ. ಇರ್ಲಿ.

ಮೆಜೆಸ್ಟಿಕ್ ಪ್ಯಾಸೆಂಜರ್

ನಾನು ತೀರ್ಥಹಳ್ಳಿಯವನು, ಬೆಂಗಳೂರಲ್ಲಿ ಕೆಲಸ. ಶನಿವಾರ, ಭಾನುವಾರ ಕಂಠೀರವದ ಕಡೆ ಹೋಗಿ ಕ್ಲಬ್ ಮ್ಯಾಚ್ ನೋಡೋ ಚಟ. ರಜೆಗೆ ಬಂದಾಗ ಈ ಹುಡುಗಿ ಆಟವನ್ನೂ ನೋಡಿದ್ದೀನಿ. ಸ್ವಲ್ಪ ತಣ್ಣೀರು ಎರಚ್ತೀನಿ, ಬೇಜಾರು ಮಾಡ್ಕೋಬೇಡಿ.

ಐದಡಿ ಏಳಿಂಚು ನಮ್ಮಲ್ಲಿ ಸೆಂಟರ್. ರಾಜ್ಯ ಮಟ್ಟದಲ್ಲಿ ಅದು ಗಾರ್ಡ್ ಎತ್ತರ. ಅಲ್ಲಿ ರಿಂಗ್ ಕೆಳಗೆ ನಿಲ್ಲೋ ಹುಡುಗೀರು ಆರಡಿ ಹತ್ತಿರ ಇರ್ತಾರೆ. ಕೇರಳದ ಗೀತು ಅನ್ನಾ ಜೋಸ್ ಆರಡಿ ಎರಡಿಂಚು, ದೇಶಕ್ಕೇ ದೊಡ್ಡ ಸೆಂಟರ್, ಅಂಥವಳೂ 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯೂಎನ್‌ಬಿಎ ಟ್ರಯಲ್ಸ್‌ಗೆ ಹೋಗಿ ಬಂದಳೇ ಹೊರತು ತಂಡಕ್ಕೆ ಸೇರಲಿಲ್ಲ. ಹಾಗಿರುವಾಗ ಒಂಬತ್ತನೇ ನಂಬರ್ ಇನ್ನೆರಡು ವರ್ಷ ಬೆನ್ನು ಮಾಡಿ ನಿಂತು ಆಡಿದ್ರೆ ಜಿಲ್ಲೆಯ ಬೆಸ್ಟ್ ಪ್ಲೇಯರ್ ಕಪ್ಪುಗಳು ಶೋಕೇಸ್ ತುಂಬ್ತವೆ, ಅಷ್ಟೇ. ಟ್ರಯಲ್ಸಲ್ಲಿ ಹದಿನೈದು ನಿಮಿಷದೊಳಗೆ ವಾಪಸ್ ಕಳಿಸ್ತಾರೆ.

ಅದಕ್ಕೇ ತುಂಗಾನಾಲೆ ಬರೆದ ಆ ಒಂದು ಡ್ರಿಬಲ್ ಇದೆಯಲ್ಲ, ಅದು ಅವಳು ಹೋದ ವರ್ಷ ಹಾಕಿದ ಅಷ್ಟೂ ಪಾಯಿಂಟ್‌ಗಿಂತ ಬೆಲೆ ಬಾಳುತ್ತೆ. ಅವಳು ಗಾರ್ಡ್ ಆಗ್ಬೇಕು. ಆಗೋಕೆ ಶುರು ಮಾಡಿದ್ದಾಳೆ ಅನ್ನೋದೇ ನಿಜವಾದ ಸುದ್ದಿ.

ತುಂಗಾನಾಲೆ

ಮೆಜೆಸ್ಟಿಕ್, ನಾನು ಹೇಳೋಕೆ ಒದ್ದಾಡ್ತಿದ್ದಿದ್ದು ಇದೇ. ಆದ್ರೆ ಕಾಲೇಜು ತಂಡ ಅವಳನ್ನ ಗಾರ್ಡ್ ಆಡಿಸುತ್ತಾ? ಇರೋದೊಬ್ಬಳು ಎತ್ತರದವಳು. ಅವಳನ್ನೂ ಹೊರಗೆ ಎಳೆದ್ರೆ ರಿಂಗಿಗೆ ಬಡಿದು ವಾಪಸ್ ಬರೋ ಬಾಲ್, ಅದೇ ರೀಬೌಂಡ್, ಯಾರು ಹಿಡಿಯೋದು? ಕೋಚ್‌ಗೆ ಟೂರ್ನಿ ಗೆಲ್ಲಬೇಕು, ಪ್ರಿನ್ಸಿಪಾಲರಿಗೆ ಕಪ್ಪು ಬೇಕು.

ನಿವೃತ್ತ ಪಿಟಿ ಮೇಷ್ಟ್ರು

ಮಿತ್ರರೇ, ಮೂವತ್ತು ವರ್ಷ ಸೀಟಿ ಊದಿದವನ ಮಾತು ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮೊದಲು ದಾರಿ ಯಾವುದೆಂದು ನೋಡೋಣ. ಜೂನಿಯರ್ ಎಂದರೆ 18ರೊಳಗಿನವರು. ಈ ಮಗುವಿಗೆ ಆ ವಯಸ್ಸು ದಾಟಿದೆ, ಅಂದರೆ ರಾಜ್ಯ ತಂಡ ಬೇಕೆಂದರೆ ನೇರವಾಗಿ ಹಿರಿಯರ ಜತೆಗೇ ಪೈಪೋಟಿ. ಅದು ಕಷ್ಟ. ವಿಶ್ವವಿದ್ಯಾಲಯದ ದಾರಿ ಇನ್ನೂ ತೆರೆದಿದೆ. ಅಂತರ ವಿವಿ ಟೂರ್ನಿಗೆ 25 ವರ್ಷದವರೆಗೆ ಅವಕಾಶವಿರುವುದರಿಂದ ಪದವಿಯ ನಂತರ ಎಂಕಾಂ ಸೇರಿದರೂ ಆಡಬಹುದು.

ನಮ್ಮ ಕುವೆಂಪು ವಿವಿ ಒಂದು ಕಾಲಕ್ಕೆ ದೊಡ್ಡದಿತ್ತು. 2009ರಲ್ಲಿ ದಾವಣಗೆರೆ ಬೇರೆಯಾದ ಮೇಲೆ ನಮಗೆ ಉಳಿದದ್ದು ಶಿವಮೊಗ್ಗ, ಚಿಕ್ಕಮಗಳೂರು ಎರಡೇ ಜಿಲ್ಲೆ. ಇದರಿಂದ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಶಂಕರಘಟ್ಟದಲ್ಲಿ ನಡೆಯುವ ವಿವಿ ತಂಡದ ಆಯ್ಕೆಯಲ್ಲಿ ಈ ಹುಡುಗಿ ತಂಡಕ್ಕೆ ಬರುವುದು ಕಷ್ಟವಲ್ಲ. ಆದರೆ ದಕ್ಷಿಣ ವಲಯಕ್ಕೆ ಹೋದಾಗ ಎದುರಿಗೆ ಬರುವುದು ಚೆನ್ನೈನ ವಿವಿಗಳು, ಕೇರಳದವರು, ಬೆಂಗಳೂರಿನ ಖಾಸಗಿ ವಿವಿಗಳು. ಅವರು ಶುಲ್ಕ ಬಿಟ್ಟು, ಹಾಸ್ಟೆಲ್ ಕೊಟ್ಟು ಆಟಗಾರ್ತಿಯರನ್ನು ಸೇರಿಸಿಕೊಳ್ಳುತ್ತಾರೆ. ವಲಯದ ಮೊದಲ ನಾಲ್ಕು ತಂಡಗಳಷ್ಟೇ ಅಖಿಲ ಭಾರತ ಸುತ್ತಿಗೆ ಹೋಗುವುದು.

ಕೋಚ್ ವಿಷಯ ಕೇಳಿದಿರಿ. ನಾನು ಆ ಜಾಗದಲ್ಲಿದ್ದಾಗ ಮಾಡುತ್ತಿದ್ದುದು ಇಷ್ಟು: ಸುಲಭದ ಮ್ಯಾಚ್‌ಗಳಲ್ಲಿ ಎತ್ತರದವರ ಕೈಗೆ ಬಾಲ್ ಕೊಟ್ಟು ನೀನೇ ತಗೊಂಡು ಹೋಗು ಎನ್ನುತ್ತಿದ್ದೆ. ಗೆಲ್ಲುವುದು ಹೇಗೂ ಖಾತ್ರಿ ಇದ್ದಾಗ ತಪ್ಪು ಮಾಡಲು ಅವಕಾಶವಿರುತ್ತದೆ. ರೀಬೌಂಡ್‌ಗೆ ಎತ್ತರವೊಂದೇ ಸಾಲದು, ಬಾಕ್ಸ್ ಔಟ್ ಬೇಕು. ಐವರೂ ತಮ್ಮ ತಮ್ಮ ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಂತರೆ ಬಾಲ್ ನೆಲಕ್ಕೆ ಬಿದ್ದ ಮೇಲೂ ಎತ್ತಿಕೊಳ್ಳಬಹುದು. ನಮ್ಮ ಹುಡುಗಿಯರು ಶಾಟ್ ಹೋದ ಕೂಡಲೇ ಬಾಯಿ ಬಿಟ್ಟುಕೊಂಡು ರಿಂಗ್ ನೋಡುತ್ತಾರೆ.

ಸಾಗರದಕ್ಕ

ನಾನು ಹುಡುಗಿಯಾಗಿದ್ದಾಗ ರಾಜ್ಯಮಟ್ಟದಲ್ಲಿ ಆಡಿದವಳು. ಎಲ್ರೂ ಡ್ರಿಬಲ್, ಡಿಫೆನ್ಸ್ ಅಂತಿದ್ದೀರಿ, ಅವಳ ಶಾಟ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. ಅಲ್ಲೇ ಇರೋದು ಸಮಸ್ಯೆ.

ಅವಳು ಫ್ರೀ ಥ್ರೋ, ಅಂದ್ರೆ ಫೌಲ್ ಆದಾಗ ಸಿಗೋ ಅಡ್ಡಿಯಿಲ್ಲದ ಶಾಟ್, ಹಾಕೋದನ್ನ ಹತ್ತಿರದಿಂದ ನೋಡಿ. ಗೆರೆ ಮೇಲೆ ನಿಂತು ಅಂಗೈಯಿಂದ ಶೂ ತಳ ಒರೆಸ್ಕೊಳ್ತಾಳೆ, ಮೊದಲು ಎಡದ್ದು, ಆಮೇಲೆ ಬಲದ್ದು. ಬಾಲ್ ಎರಡು ಸಲ ಬಡೀತಾಳೆ. ಎತ್ತುವಾಗ ಮೊಣಕೈ ಹೊರಗೆ ಹೋಗುತ್ತೆ, ಬಾಲ್ ಎದೆ ಮಟ್ಟದಿಂದಲೇ ಹೊರಡುತ್ತೆ, ಎಡಗೈ ಹೆಬ್ಬೆರಳು ಕೊನೆಗೆ ತಳ್ಳುತ್ತೆ. ಅದಕ್ಕೇ ಬಾಲ್ ಪಕ್ಕಕ್ಕೆ ತಿರುಗ್ತಾ ಹೋಗೋದು. ಬಿದ್ರೆ ಬೀಳುತ್ತೆ, ಇಲ್ದಿದ್ರೆ ರಿಂಗ್ ಬಲಗಡೆಗೆ ಬಡಿದು ಹೊರಗೆ.

ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಯಾಕಂದ್ರೆ ನನಗೂ ಇತ್ತು. ನಮ್ಮ ಕಡೆ ಹೈಸ್ಕೂಲುಗಳಲ್ಲಿ ಬಾಲ್ ಅಂತ ಇದ್ರೆ ಒಂದೇ, ಅದೂ ಏಳನೇ ಸೈಜ್, ಗಂಡುಹುಡುಗರದ್ದು. ಹೆಂಗಸರ ಆಟ ಆರನೇ ಸೈಜಿನ ಬಾಲಲ್ಲಿ. ಹನ್ನೆರಡು ವರ್ಷದ ಹುಡುಗಿ ಏಳನೇ ಸೈಜ್ ಎತ್ತಿ ಹತ್ತಡಿ ಎತ್ತರದ ರಿಂಗಿಗೆ ಮುಟ್ಟಿಸ್ಬೇಕಂದ್ರೆ ಎರಡೂ ಕೈಲಿ ಎದೆಯಿಂದ ತಳ್ಳದೆ ಬೇರೆ ದಾರಿ ಇಲ್ಲ. ಆಮೇಲೆ ತೋಳಲ್ಲಿ ಬಲ ಬರುತ್ತೆ, ಅಭ್ಯಾಸ ಹೋಗಲ್ಲ.

ಗಾರ್ಡ್ ಆಗ್ಬೇಕಂದ್ರೆ 6.75 ಮೀಟರಿಂದ, ಅಂದ್ರೆ ತ್ರೀ ಪಾಯಿಂಟ್ ಗೆರೆ ಆಚೆಯಿಂದ ಹಾಕೋಕೆ ಬರ್ಬೇಕು. ಎದೆಯಿಂದ ಹೊರಡೋ ಶಾಟನ್ನ ಅಲ್ಲಿನ ಡಿಫೆಂಡರ್‌ಗಳು ಸುಲಭವಾಗಿ ತಡೆದು ಬಿಡ್ತಾರೆ. ಈಗ ಬದಲಾಯಿಸೋಕೆ ಹೊರಟರೆ ಮೊದಲ ಎರಡು ಮೂರು ತಿಂಗಳು ಶಾಟ್ ಇನ್ನೂ ಕೆಡುತ್ತೆ. ಆಗ ನೋಡೋರು ಫಾರ್ಮ್ ಹೋಯ್ತು ಅಂತಾರೆ. ತಡ್ಕೋಬೇಕು. ನನಗೆ ತಡ್ಕೊಳ್ಳೋಕೆ ಯಾರೂ ಬಿಡಲಿಲ್ಲ.

ಭದ್ರಾವತಿ ಹಳಬ

ಅಕ್ಕಾ, ಹೆಬ್ಬೆರಳಿನ ವಿಷಯ ನೂರಕ್ಕೆ ನೂರು. ರಿಂಗ್ ಹತ್ರ ನಿಂತು ಒಂದೇ ಕೈಯಲ್ಲಿ, ಎಡಗೈ ಬೆನ್ನ ಹಿಂದೆ ಕಟ್ಕೊಂಡು ದಿನಾ ಹಾಕಿಸ್ಬೇಕು. ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದೆ. ಬೇಜಾರಿನ ಕೆಲಸ.

ಫ್ರೀ ಥ್ರೋ ಬಗ್ಗೆ ಉಡಾಫೆ ಮಾಡೋರಿಗೆ ಒಂದು ನೆನಪು. 2017ರಲ್ಲಿ ನಮ್ಮ ಬೆಂಗಳೂರಲ್ಲೇ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್ ನಡೀತು. ಭಾರತ ಕಜಕಿಸ್ತಾನವನ್ನ ಸೋಲಿಸಿದ್ದು 75-73ರಲ್ಲಿ. ಎರಡೇ ಪಾಯಿಂಟು. ಎರಡು ಫ್ರೀ ಥ್ರೋ ಬೆಲೆ.

ತೋಟದ ಮನೆ

ನಾನು ಬ್ಯಾಸ್ಕೆಟ್‌ಬಾಲ್ ಆಡಿದವನಲ್ಲ. ಹೊಸನಗರದ ಕಡೆ ಅಡಿಕೆ ಬೆಳೆಗಾರ. ಆ ಹುಡುಗಿ ಮನೆ ನಮ್ಮಲ್ಲಿಗೆ ಬಹಳ ದೂರ ಇಲ್ಲ, ಅಷ್ಟೇ ಹೇಳ್ತೇನೆ.

ನೀವೆಲ್ಲ ಬೆಂಗಳೂರು, ಅಂತರ ವಿವಿ ಅಂತ ಮಾತಾಡ್ತೀರಿ. ನಿಮ್ಮ ಟೂರ್ನಿಗಳೆಲ್ಲ ಯಾವಾಗ? ದಸರಾ ಆದ್ಮೇಲೆ. ನಮ್ಮ ಅಡಿಕೆ ಗೊನೆ ಕೊಯ್ಲು ಯಾವಾಗ? ಅದೇ ಹೊತ್ತಿಗೆ. ಮರ ಹತ್ತಿ ಕೊಯ್ಯೋ ಕೊನೆಗಾರ ಸಿಗೋದೇ ಕಷ್ಟ, ಸಿಕ್ಕಿದ ದಿನ ಮನೆಯವರೆಲ್ಲ ಅಂಗಳದಲ್ಲಿ ಇರ್ಬೇಕು. ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋದು, ಬೆಳಿಗ್ಗೆ ಬೇಯಿಸೋದು, ಒಣ ಹಾಕೋದು. ಹೋದ ಸಲ ಶನಿವಾರ ಮ್ಯಾಚ್ ಆಡಿ, ಸಂಜೆ ಬಸ್ಸಿಗೆ ಬಂದು, ಭಾನುವಾರ ಪೂರಾ ಸುಲಿದು, ಸೋಮವಾರ ಬೆಳಗಿನ ಬಸ್ಸಿಗೆ ಹೋದಳು ಹುಡುಗಿ. ಕೈ ತುಂಬ ಅಡಿಕೆ ಕಲೆ. ಅಪ್ಪ ಬೈಯಲ್ಲ, ಆಡ್ಬೇಡ ಅನ್ನೋದೂ ಇಲ್ಲ. ಆದ್ರೆ ಎಲೆಚುಕ್ಕಿ ರೋಗ ಬಂದಮೇಲೆ ತೋಟದ ಕತೆ ಎಂತ ಅಂತ ನಿಮಗೂ ಗೊತ್ತು. ಇದರಿಂದ ಮುಂದೆ ಎಂತಾದ್ರೂ ಉಂಟಾ ಅಂತ ಅವರು ಕೇಳಿದ್ರೆ ತಪ್ಪು ಅಂತ ನನಗೆ ಅನ್ಸಲ್ಲ.

ನಿವೃತ್ತ ಪಿಟಿ ಮೇಷ್ಟ್ರು

ತೋಟದ ಮನೆಯವರೇ, ಕೇಳಲೇಬೇಕಾದ ಪ್ರಶ್ನೆ. ಉತ್ತರವನ್ನೂ ನೇರವಾಗಿ ಹೇಳುತ್ತೇನೆ. ಈ ಆಟದಿಂದ ದುಡ್ಡು ಮಾಡಿದ ಹೆಣ್ಣುಮಕ್ಕಳು ನಮ್ಮ ದೇಶದಲ್ಲಿ ಅಪರೂಪ. ಕೆಲಸ ಸಿಕ್ಕಿದವರು ಇದ್ದಾರೆ. ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಅತಿ ಹೆಚ್ಚು ಉದ್ಯೋಗ ಕೊಟ್ಟದ್ದು ರೈಲ್ವೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಕ್ರೀಡಾ ಕೋಟಾಕ್ಕೆ ವಯಸ್ಸು 18ರಿಂದ 25. ಆದರೆ ಜಿಲ್ಲಾ ಮಟ್ಟದ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ರಾಜ್ಯಕ್ಕೆ ಆಡಿರಬೇಕು, ಇಲ್ಲವೇ ಅಖಿಲ ಭಾರತ ಅಂತರ ವಿವಿಯಲ್ಲಿ ಸ್ಥಾನ ಬಂದಿರಬೇಕು. ಆಮೇಲೆ ಟ್ರಯಲ್ಸ್. ಅಂದರೆ ಅವಳ ಕೈಯಲ್ಲಿರುವುದು ಐದಾರು ವರ್ಷ. ಅದರಲ್ಲಿ ಲೆಕ್ಕಕ್ಕೆ ಬರುವುದು ಮುಂದಿನ ಎರಡು.

ಗೋಪಿ ಸರ್ಕಲ್ ಗುರು

ಹಾಗಾದ್ರೆ ನಾಳೆಯೇ ಬೆಂಗಳೂರಿಗೆ ಕಳ್ಸಿ ಮಾರಾಯ್ರೆ. ಅಲ್ಲಿ ಖಾಸಗಿ ಕಾಲೇಜು ಸೀಟು, ಕ್ಲಬ್ಬು, ಆಮೇಲೆ ಅಮೆರಿಕ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿವಿಗೆ ಹೋಗಿ ಅಲ್ಲಿನ ಕಾಲೇಜು ಆಟದ ಮೇಲಿನ ಮಟ್ಟ ಡಿವಿಷನ್ ಒನ್ ಆಡ್ಲಿಲ್ವಾ?

ಮೆಜೆಸ್ಟಿಕ್ ಪ್ಯಾಸೆಂಜರ್

ಆಡಿದ್ಲು. ಆದ್ರೆ ಅವಳು ಸ್ಕೂಲಲ್ಲಿದ್ದಾಗಿಂದ ಬೆಂಗಳೂರಿನ ಕೋಚಿಂಗಲ್ಲಿ ಬೆಳೆದವಳು, ಅವಳ ಎತ್ತರವೂ ಬೇರೆ. ಪಂಜಾಬಿನ ಬಲ್ಲೋಕೆ ಹಳ್ಳಿಯಿಂದ ಹೋದ ಸತ್ನಾಂ ಸಿಂಗ್ ಕತೆಯನ್ನೂ ಎಲ್ರೂ ಹೇಳ್ತಾರೆ, 2015ರಲ್ಲಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ಆಯ್ಕೆಯಲ್ಲಿ ಡಲ್ಲಾಸ್ ತಂಡ 52ನೇಯವನಾಗಿ ತಗೊಂಡಿತು ಅಂತ. ಏಳಡಿ ಹುಡುಗ ಅವನು, ಹದಿನಾಲ್ಕಕ್ಕೇ ಫ್ಲೋರಿಡಾ ಸೇರಿದ್ದ. ಹಾಗಿದ್ದೂ ಎನ್‌ಬಿಎ ಲೀಗ್ ಪಂದ್ಯ ಒಂದೂ ಆಡ್ಲಿಲ್ಲ. ಇವಳ ಮುಂದೆ ಆ ಹೆಸರುಗಳನ್ನ ಇಡೋದು ಅವಳಿಗೇ ಅನ್ಯಾಯ.

ಬೆಂಗಳೂರಿಗೆ ಹೋಗೋದರ ಬಗ್ಗೆ: ಈಗ ಹೋದ್ರೆ ಅಲ್ಲಿನ ಖಾಸಗಿ ವಿವಿ ತಂಡದಲ್ಲಿ ಹನ್ನೆರಡನೇ ಆಟಗಾರ್ತಿ. ಬೆಂಚ್ ಕಾಯ್ಬೇಕು. ಇಲ್ಲಿ ನಾಲ್ಕೂ ಕ್ವಾರ್ಟರ್, ನಲವತ್ತೂ ನಿಮಿಷ ಅಂಗಳದಲ್ಲಿ ಇರ್ತಾಳೆ. ಗಾರ್ಡ್ ಆಟ ಕಲಿಯೋಕೆ ಬಾಲ್ ಕೈಯಲ್ಲಿರ್ಬೇಕು. ನನ್ನ ಲೆಕ್ಕದಲ್ಲಿ ಡಿಗ್ರಿ ಇಲ್ಲೇ ಮುಗಿಸ್ಲಿ, ರಜೆಯಲ್ಲಿ ಮಾತ್ರ ಅಲ್ಲಿಗೆ ಬಂದು ತನಗಿಂತ ಗಟ್ಟಿಗರ ಜತೆ ಆಡ್ಲಿ.

ಅಲ್ಲಿಗೆ ಬಂದಾಗ ಇನ್ನೊಂದು ತೊಂದರೆ ಆಗುತ್ತೆ, ಈಗಲೇ ಹೇಳಿರ್ತೀನಿ. ನಮ್ಮ ಕಡೆಯ ಬೋರ್ಡು ಪ್ಲೈವುಡ್, ಮಳೆಗೆ ಊದಿಕೊಂಡಿರುತ್ತೆ, ಬಾಲ್ ಬಡಿದ್ರೆ ಸತ್ತಂತೆ ಕೆಳಗೆ ಬೀಳುತ್ತೆ. ಇವಳ ಲೇ-ಅಪ್ ಎಲ್ಲ ಆ ಬೋರ್ಡಿನ ಲೆಕ್ಕದಲ್ಲಿ ಜೋರಾಗಿ ಬಡಿಯೋದು. ಗಾಜಿನ ಬೋರ್ಡಿಗೆ ಅದೇ ಜೋರು ಹಾಕಿದ್ರೆ ಬಾಲ್ ರಿಂಗ್ ದಾಟಿ ಆಚೆ. ಹೊಳೆಯೋ ಮರದ ಅಂಗಳ ಬೇರೆ, ಸಿಮೆಂಟಲ್ಲಿ ತಳ ಸವೆಸಿದ ಶೂ ಅಲ್ಲಿ ಜಾರುತ್ತೆ. ಮೊದಲ ವಾರ ಅವಳಿಗೆ ಆಟವೇ ಮರೆತುಹೋಯ್ತು ಅನ್ನಿಸುತ್ತೆ. ಟ್ರಯಲ್ಸ್ ದಿನವೇ ಇದಾಗೋದು ಬೇಡ.

ಕೊಪ್ಪದ ಫಿಜಿಯೋ

ಒಂದು ವಿಷಯ ಯಾರೂ ಎತ್ತಲಿಲ್ಲ. ತುಂಗಾನಾಲೆ ಗುಂಪಲ್ಲಿ ಹಾಕಿದ ವಿಡಿಯೋ ನೋಡಿದೆ. ರೀಬೌಂಡ್ ಹಿಡಿದು ಕೆಳಗಿಳಿಯುವಾಗ ಅವಳ ಎರಡೂ ಮಂಡಿ ಒಳಗೆ ಬೀಳ್ತವೆ, ಬಲಗಾಲಂತೂ ಜಾಸ್ತಿನೇ. ಹೀಗೆ ಇಳಿಯೋರಿಗೆ ಮಂಡಿಯ ಎಸಿಎಲ್ ಅನ್ನೋ ಕಟ್ಟು ಹರಿಯೋ ಅಪಾಯ ಹೆಚ್ಚು. ಒಂದೇ ಆಟ ಆಡಿದ್ರೂ ಹುಡುಗರಿಗಿಂತ ಹುಡುಗೀರಿಗೆ ಇದು ಎರಡು ಪಟ್ಟಿಗೂ ಮೀರಿ ಆಗುತ್ತೆ. ಹರಿದ್ರೆ ಆಪರೇಷನ್, ಆಮೇಲೆ ಒಂಬತ್ತು ತಿಂಗಳಿಂದ ಒಂದು ವರ್ಷ ಆಟ ಬಂದ್. ಮೇಷ್ಟ್ರು ಹೇಳಿದ ಆ ಎರಡು ವರ್ಷದಲ್ಲಿ ಒಂದು ಅಲ್ಲೇ ಹೋಯ್ತು.

ತಪ್ಪಿಸೋಕೆ ಜಿಮ್ ಬೇಕಿಲ್ಲ. ವಾರ್ಮಪ್ಪಲ್ಲಿ ಹದಿನೈದು ನಿಮಿಷ: ಒಂಟಿಕಾಲಲ್ಲಿ ಸ್ಕ್ವಾಟ್, ಮೆಟ್ಟಿಲಿಂದ ಹಾರಿ ಸದ್ದಿಲ್ಲದೆ ಇಳಿಯೋದು, ಇಳಿದಾಗ ಮಂಡಿ ಪಾದದ ನೇರಕ್ಕೇ ಇರ್ಬೇಕು. ತೊಡೆಯ ಹಿಂಭಾಗ, ಸೊಂಟ ಗಟ್ಟಿ ಮಾಡೋದು. ವಾರಕ್ಕೆರಡು ಮೂರು ಸಲ ತಪ್ಪದೆ ಮಾಡಿದ್ರೆ ಅಪಾಯ ನಿಜಕ್ಕೂ ಇಳಿಯುತ್ತೆ. ನಮ್ಮಲ್ಲಿ ವಾರ್ಮಪ್ ಅಂದ್ರೆ ಅಂಗಳ ಸುತ್ತ ನಾಲ್ಕು ರೌಂಡ್ ಓಡಿ ಮೈ ಮುರಿಯೋದು.

ಸಾಗರದಕ್ಕ

ನನ್ನ ಆಟ ನಿಂತಿದ್ದು ಹೀಗೇ. ಬಲಮಂಡಿ. ಜಾಸ್ತಿ ಬರೆಯಲ್ಲ. ಫಿಜಿಯೋ ಹೇಳಿದ್ದನ್ನ ದಯವಿಟ್ಟು ಅವಳ ಕೋಚ್‌ಗೆ ಮುಟ್ಟಿಸಿ.

ತುಂಗಾನಾಲೆ

ಮುಟ್ಟಿಸ್ತೀನಿ ಅಕ್ಕಾ.

ಇನ್ನೊಂದು ಸಮಸ್ಯೆ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಿಮೆಂಟ್ ಅಂಗಳಕ್ಕೆ ಹಾವಸೆ ಹಿಡಿದಿರುತ್ತೆ, ಕಾಲಿಟ್ಟರೆ ಜಾರುತ್ತೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದ್ರೂ ಮತ್ತೆರಡು ವಾರಕ್ಕೆ ಹಸಿರು. ವರ್ಷದಲ್ಲಿ ಮೂರನೇ ಒಂದು ಭಾಗ ಆಟ ಇಲ್ಲ. ಬೆಂಗಳೂರಿನ ಹುಡುಗಿಗೆ ಈ ತೊಂದರೆ ಇಲ್ಲ.

ಮೆಜೆಸ್ಟಿಕ್ ಪ್ಯಾಸೆಂಜರ್

ಡ್ರಿಬಲ್‌ಗೆ ರಿಂಗ್ ಬೇಕಾ? ಕಾಲೇಜಿನ ವರಾಂಡ ಸಾಕು. ಅಕ್ಕ ಹೇಳಿದ ಮೊಣಕೈ ಕೆಲಸವನ್ನೂ ಗೋಡೆ ಮುಂದೆ ಮಾಡ್ಬಹುದು. ಶಾಟ್ ಬದಲಾಯಿಸೋಕೆ ಮಳೆಗಾಲಕ್ಕಿಂತ ಒಳ್ಳೆ ಸಮಯ ಇಲ್ಲ, ಮ್ಯಾಚ್ ಇಲ್ಲ, ಫಾರ್ಮ್ ಹೋಯ್ತು ಅನ್ನೋ ಬಾಯಿಗಳೂ ಇಲ್ಲ.

ಮತ್ತೆ ತ್ರೀ-ಆನ್-ತ್ರೀ ಮರೀಬೇಡಿ. ತಂಡಕ್ಕೆ ನಾಲ್ಕೇ ಜನ, ಅರ್ಧ ಅಂಗಳ, ಹತ್ತು ನಿಮಿಷ ಇಲ್ಲವೇ 21 ಪಾಯಿಂಟ್. ಟೋಕಿಯೋದಿಂದ ಒಲಿಂಪಿಕ್ಸಲ್ಲೂ ಇದೆ. ಹನ್ನೆರಡು ಜನ ಒಳ್ಳೆ ಆಟಗಾರ್ತಿಯರನ್ನ ಹೊಂದಿಸೋದು ನಮ್ಮ ಜಿಲ್ಲೆಗೆ ಕಷ್ಟ, ನಾಲ್ಕು ಜನ ಸಿಗ್ತಾರೆ. ಅದರಲ್ಲಿ ಸೆಂಟರ್, ಗಾರ್ಡ್ ಅಂತ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ, ಎಲ್ರೂ ಎಲ್ಲವನ್ನೂ ಮಾಡ್ಬೇಕು. ಹನ್ನೆರಡು ಸೆಕೆಂಡಲ್ಲಿ ಶಾಟ್ ಹಾಕ್ಬೇಕು. ಅವಳಿಗೆ ಹೇಳಿ ಮಾಡಿಸಿದ ಆಟ.

ಭದ್ರಾವತಿ ಹಳಬ

ಅದೆಲ್ಲ ಗಲ್ಲಿ ಆಟ. ಜೋರಾಗಿ ಮ್ಯೂಸಿಕ್ ಹಾಕ್ಕೊಂಡು ಆಡ್ತಾರೆ. ಆದ್ರೂ ಕೈಗೆ ಬಾಲ್ ಸಿಗುತ್ತೆ ಅನ್ನೋದಾದ್ರೆ ಆಡ್ಲಿ ಬಿಡಿ.

ತೋಟದ ಮನೆ

ನೀವು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥ ಆಗ್ಲಿಲ್ಲ. ರೈಲ್ವೆ, ವಯಸ್ಸು, ಎರಡು ವರ್ಷ, ಇದು ಅರ್ಥ ಆಯ್ತು. ಅವರ ಮನೆಯಲ್ಲಿ ಹೇಳ್ಬಹುದಾ? ಹೇಳಿದ್ರೆ ಅವರ ಅಮ್ಮ ಮೊದಲು ಕೇಳೋದು, ಟ್ರಯಲ್ಸು, ಟೂರ್ನಿ ಅಂತ ಹೊರಗೆ ಹೋದಾಗ ಜತೆಗೆ ಯಾರು ಹೋಗ್ತಾರೆ, ಎಲ್ಲಿ ಉಳಿಯೋದು ಅಂತ.

ಸಾಗರದಕ್ಕ

ಅಣ್ಣಾ, ಅಮ್ಮನ ಹತ್ರ ನಾನೇ ಮಾತಾಡ್ತೀನಿ. ವಿವಿ ತಂಡದ ಜತೆ ಹೋದ್ರೆ ಮಹಿಳಾ ಮ್ಯಾನೇಜರ್ ಇದ್ದಾರಾ ಅಂತ ಮೊದಲೇ ಕೇಳಿ ತಿಳ್ಕೊಳ್ಳಬಹುದು. ಬೆಂಗಳೂರಲ್ಲಿ ನನ್ನ ತಂಗಿ ಮನೆ ಇದೆ, ರಜೆಯಲ್ಲಿ ಅಲ್ಲೇ ಉಳೀಲಿ. ಸುಲಿಯೋ ದಿನಗಳಿಗೆ ಏನು ಮಾಡೋದು ಅಂತ ಮಾತ್ರ ನೀವೇ ದಾರಿ ಹೇಳ್ಬೇಕು.

ತೋಟದ ಮನೆ

ನಮ್ಮಲ್ಲಿ ಸುಲಿಯೋ ಮೆಷಿನ್ ಇದೆ. ಮ್ಯಾಚ್ ಇದ್ದ ವಾರ ಅವರ ಅಡಿಕೆ ಗೊನೆ ನಮ್ಮ ಅಂಗಳಕ್ಕೆ ಬರ್ಲಿ. ಬಾಡಿಗೆ ಮಾತು ನಾನೂ ಅವಳ ಅಪ್ಪನೂ ನೋಡ್ಕೋತೇವೆ.

ತುಂಗಾನಾಲೆ

ಕೋಚ್ ಹತ್ರ ಮಾತಾಡಿದೆ. ಬರೋ ಭಾನುವಾರ ಸೀನಿಯರ್ಸ್ ಜತೆ ಫ್ರೆಂಡ್ಲಿ ಮ್ಯಾಚ್, ಒಂಬತ್ತನೇ ನಂಬರ್ ನಾಲ್ಕೂ ಕ್ವಾರ್ಟರ್ ಗಾರ್ಡ್ ಆಡ್ತಾಳೆ. ರಿಂಗ್ ಕೆಳಗೆ ಒಂದನೇ ವರ್ಷದ ಹುಡುಗಿ, ಇನ್ನೂ ಹೆದರ್ತಾಳೆ, ಹಾಗಾಗಿ ಸೋಲೋದು ಹೆಚ್ಚುಕಮ್ಮಿ ಗ್ಯಾರಂಟಿ ಅಂದ್ರು ಕೋಚ್. ಫಿಜಿಯೋ, ನೀವು ಕೊಪ್ಪದಿಂದ ಬರೋದಾದ್ರೆ ಬೆಳಿಗ್ಗೆ ಏಳಕ್ಕೆ ಬನ್ನಿ, ವಾರ್ಮಪ್ ನೀವೇ ಮಾಡಿಸಿ. ಹಳಬರೇ, ಸೀಟಿ ತನ್ನಿ, ರೆಫರಿ ಇಲ್ಲ.

ಭದ್ರಾವತಿ ಹಳಬ

ತರ್ತೀನಿ. ಬಾಲ್ ಬಡಿಯದೆ ಹೆಜ್ಜೆ ಹಾಕೋ ಟ್ರಾವೆಲಿಂಗ್ ಬಿಡಲ್ಲ, ಈಗಲೇ ಹೇಳಿರ್ತೀನಿ.